ಸೈಲೆನ್ಸರಿಗೆ ನಾನು ತುಂಬಿದ್ದು

ನಮ್ಮ ಗಲ್ಲಿಯಲ್ಲಿ ಗದ್ದಲ ಮಾಡುವವರನ್ನು ಬೈಯುವವಳು ನಾನು. ಆ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ, ನಾನೇ ಹಿಡಿದುಕೊಂಡಿದ್ದೆ. ಎದುರು ಮನೆಯವನು ಟೀವಿ ಜೋರು ಮಾಡಿದರೆ ಹೋಗಿ ಬಾಗಿಲು ಬಡಿಯುತ್ತಿದ್ದೆ. ಮಧ್ಯಾಹ್ನ ಹೊತ್ತು ಅವನು ಗೋಡೆಗೆ ಮೊಳೆ ಹೊಡೆದಾಗ ಕೈಯಿಂದ ಸುತ್ತಿಗೆಯನ್ನೇ ಕಸಿದುಕೊಂಡು ಬಂದಿದ್ದೆ. ಪಕ್ಕದ ಮನೆಯ ಸೊಸೆ ಹಡೆದ ಮೇಲಂತೂ ನನ್ನ ಬಾಯಿಗೆ ಹಿಡಿತವೇ ಇರಲಿಲ್ಲ. ಅವರು ಕಲಬುರಗಿ ಕಡೆಯವರು, ಗಾರೆ ಕೆಲಸದವರು. ಕೂಸಿಗೆ ದಿನಾ ಎರೆಯುವವಳು ನಾನೇ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಲೋಬಾನದ ಹೊಗೆ ಹಿಡಿದು, ಬಟ್ಟೆ ಸುತ್ತಿ ಮಲಗಿಸಿ ಬರುತ್ತಿದ್ದೆ. ಅದು ಮಲಗಿದ ಮೇಲೆ ಗಲ್ಲಿಯಲ್ಲಿ ಯಾರಾದರೂ ಕೆಮ್ಮಿದರೂ ನನ್ನ ಕೈಗೆ ಸಿಕ್ಕಂತೆಯೇ.

ಅಂಥ ಗಲ್ಲಿಗೆ ನನ್ನ ಮಗಳೇ ಆ ಗಾಡಿ ತಂದಳು.

ನಾವಿರುವುದು ಗೋರಾಯಿಯಲ್ಲಿ. ಬೊರಿವಲಿ ಸ್ಟೇಷನ್ನಿನಿಂದ ಖಾಡಿಯ ಹಿನ್ನೀರಿಗೆ ಬಂದು, ದೋಣಿ ಹತ್ತಿ ಈಚೆ ದಡಕ್ಕೆ ಇಳಿಯಬೇಕು. ಮೊದಲು ನಾನು ಭಾಂಡುಪಿನಲ್ಲಿದ್ದೆ. ಬಿಜಾಪುರ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸದಲ್ಲಿ ಸಿಮೆಂಟು ಹೊತ್ತೆ, ಆಮೇಲೆ ಒಂದು ಉಡುಪಿ ಹೋಟೆಲಿನಲ್ಲಿ ಪಾತ್ರೆ ತಿಕ್ಕಿದೆ. ಮೊಣಕಾಲು ಹೋದ ಮೇಲೆ ಮಗಳ ಹತ್ತಿರ ಬಂದೆ. ಅಳಿಯ ಇಲ್ಲೇ ಒಂದು ರೆಸಾರ್ಟಿನಲ್ಲಿ ವಾಚ್‌ಮನ್. ಮಾತು ಕಡಿಮೆ. ಮಗಳು ಸಮುದ್ರದ ದಂಡೆಯ ಮೇಲೆ ಗಾಡಿ ಸವಾರಿಯ ಟಿಕೀಟು ಹರಿಯುತ್ತಿದ್ದಳು. ಬೇರೆಯವರ ಗಾಡಿಗೆ ಟಿಕೀಟು ಹರಿದು ಹರಿದು ಬೇಜಾರಾಗಿ, ನನ್ನದೇ ಒಂದು ಇರಲಿ ಎಂದು ಬಾಂದ್ರಾದ ಯಾವುದೋ ಬಂಗಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದ ಈ ಗಾಡಿಯನ್ನು ಅಗ್ಗದಲ್ಲಿ ಕೊಂಡುಕೊಂಡು ಬಂದಳು.

ನಾಲ್ಕು ದಪ್ಪ ಗಾಲಿ. ಮೇಲೆ ಚಾವಣಿ ಇಲ್ಲ, ಬಾಗಿಲಿಲ್ಲ. ಕುದುರೆ ಮೇಲೆ ಕೂತ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರಬೇಕು. ಹಿಡಿಕೆ ಮಾತ್ರ ಬೈಕಿನದು.

"ಇದಕ್ಕ ಮೋಟಾರ ಅನ್ನಬೇಕೋ ಬೈಕ್ ಅನ್ನಬೇಕೋ?" ಎಂದೆ.

"ಕ್ವಾಡ್ ಬೈಕ್ ಅಂತಾರ ಅವ್ವಾ. ಅದರಾಗೂ ಇದು ಸ್ಪೋರ್ಟ್. ರೇಸ್ ಹೊಡ್ಯಾಕ ಮಾಡಿದ್ದು."

"ಹೊಡೀತೈತೇನು?"

"ಹೊಡೀತಿತ್ತು."

ದಂಡೆಯ ಮೇಲೆ ಹಗ್ಗ ಕಟ್ಟಿದ ಜಾಗವೊಂದಿದೆ. ಅಲ್ಲಿ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಯಾರ ಗಾಡಿ ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಗಿರಾಕಿ ಹತ್ತಿಸಿಕೊಳ್ಳಬೇಕು ಎಂದು ಹೇಳುವವನು ಒಬ್ಬ ಶೇಠ. ಸಾಲಿನ ಆಚೆ ತುದಿಗೆ ಮರಳಿನ ದಿಬ್ಬ, ಅದರ ಮೇಲೆ ಗಾಳಿ ಮರಗಳು. ಗಿರಾಕಿಯನ್ನು ಹಿಂದೆ ಕೂರಿಸಿಕೊಂಡು ಆ ದಿಬ್ಬ ಹತ್ತಿ ಇಳಿದರೇನೇ ಸವಾರಿ ಆದಂತೆ. ಬಂದವರು ಕಿರುಚುವುದು ಅಲ್ಲೇ, ಫೋಟೋ ತೆಗೆಸಿಕೊಳ್ಳುವುದು ಅಲ್ಲೇ. ಬೇರೆ ಗಾಡಿಗಳು ಹತ್ತುತ್ತಿದ್ದವು. ನನ್ನ ಮಗಳ ಗಾಡಿ ಅರ್ಧಕ್ಕೆ ಬಂದು, ಹಿಂದಿನ ಗಾಲಿ ಮರಳು ತೋಡಿಕೊಂಡು ಕೂತುಬಿಡುತ್ತಿತ್ತು. ಗಿರಾಕಿಯೇ ಇಳಿದು ನೂಕಬೇಕು. ನೂಕಿದವರು ಇನ್ನೊಬ್ಬರಿಗೆ ಹೇಳುತ್ತಾರೆ. ಕಡೆಗೆ ಅದರ ಹತ್ತಿರ ಯಾರೂ ಬಾರದ ಹಾಗಾಯಿತು.

ಶೇಠ ಹೇಳಿಬಿಟ್ಟ: "ದಿವಾಲಿ ಕೆ ಪೆಹಲೆ ಚಢಾ ಕೆ ದಿಖಾ. ನಹೀ ತೊ ಜಗಾ ಖಾಲಿ ಕರ್." ದೀಪಾವಳಿ ರಜೆಗೆ ಜನ ಮುಗಿಬಿದ್ದು ಬರುತ್ತಾರೆ. ಅಷ್ಟರೊಳಗೆ ದಿಬ್ಬ ಹತ್ತಿಸದಿದ್ದರೆ ಆ ಜಾಗ ಬೇರೆ ಗಾಡಿಗೆ. ಜಾಗ ಹೋದರೆ ಆ ಕಬ್ಬಿಣವನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಪೂಜೆ ಮಾಡಬೇಕು, ಮಗಳು ಮತ್ತೆ ಟಿಕೀಟು ಹರಿಯಲಿಕ್ಕೆ ಹೋಗಬೇಕು.

ಹೊಸ ಇಂಜಿನ್ ಹಾಕಿಸುವ ಶಕ್ತಿ ನಮಗಿಲ್ಲ. ಮಗಳು ಫೋನಿನಲ್ಲಿ ವಿಡಿಯೋ ನೋಡಿ, ದೋಣಿಕಟ್ಟೆಯ ಹತ್ತಿರದ ಸ್ಕೂಟರ್ ರಿಪೇರಿಯವನನ್ನು ಕೇಳಿ, ಖರ್ಚಿಲ್ಲದ ಕೆಲಸಗಳನ್ನು ಒಂದೊಂದಾಗಿ ಶುರು ಮಾಡಿದಳು. ನಾನು ಕಟ್ಟೆ ಮೇಲೆ ಕೂತು ನೋಡುತ್ತಿದ್ದೆ, ಬೇಡದ್ದನ್ನೆಲ್ಲ ಕೇಳುತ್ತಿದ್ದೆ.

ಮೊದಲು ಭಾರ ಇಳಿಸಿದಳು. ಮುಂದಿನ ಕಬ್ಬಿಣದ ಗಾರ್ಡು, ಹಿಂದಿನ ಕ್ಯಾರಿಯರು, ಉರಿಯದ ದೀಪಗಳು, ಎಲ್ಲ ಬಿಚ್ಚಿ ಗೋಡೆಗೆ ಒರಗಿಸಿದಳು. "ತಾಳಿ ಒಂದ ಬಿಟ್ಟಿ ನೋಡು" ಎಂದೆ. ನಗಲಿಲ್ಲ. ಆಮೇಲೆ ಗಾಲಿಯ ಗಾಳಿ ಇಳಿಸಿದಳು. ಗಾಳಿ ತುಂಬಿದರೆ ಓಡುತ್ತದೆ ಎಂದುಕೊಂಡವಳು ನಾನು. ಮರಳಿನಲ್ಲಿ ಹಾಗಲ್ಲವಂತೆ. ಗಾಳಿ ಕಡಿಮೆ ಇದ್ದರೆ ಟೈರು ಒಂಟೆಯ ಪಾದದ ಹಾಗೆ ಅಗಲವಾಗಿ ಕೂರುತ್ತದೆ, ಹೂತುಹೋಗುವುದಿಲ್ಲ. ಮೂರನೆಯದಕ್ಕೆ ಚೈನಿನ ಮುಂದಿನ ಹಲ್ಲಿನ ಚಕ್ರ ತೆಗೆದು ಅದಕ್ಕಿಂತ ಸಣ್ಣದನ್ನು ಹಾಕಿದಳು.

"ಸಣ್ಣದ ಹಾಕಿದ್ರ ಶಕ್ತಿ ಕಡಿಮಿ ಆಗಾಂಗಿಲ್ಲೇನ?"

"ಓಟ ಕಡಿಮಿ ಆಗ್ತೈತಿ, ಎಳೆತ ಹೆಚ್ಚಾಗ್ತೈತಿ. ನಮಗ ಏನ್ ಹೈವೇ ಮ್ಯಾಲ ಹೋಗೋದೈತೇನ ಬೇ? ದಿಬ್ಬ ಹತ್ತಿದ್ರ ಬಸ್."

ಗಾಳಿ ಎಳೆದುಕೊಳ್ಳುವ ಡಬ್ಬಿಯ ಮುಚ್ಚಳ ತೆಗೆದಳು. ಒಳಗಿನ ಫಿಲ್ಟರಿಗೆ, ಮರಳು ಅಂಟಿಕೊಂಡು ಅಲ್ಲೇ ನಿಲ್ಲಲಿ ಎಂದು, ಎಣ್ಣೆ ಹಚ್ಚಿದಳು. ಗಾಳಿ ಹೆಚ್ಚು ಕುಡಿದರೆ ಪೆಟ್ರೋಲೂ ಹೆಚ್ಚು ಕುಡಿಯಬೇಕು, ಇಲ್ಲದಿದ್ದರೆ ಇಂಜಿನ್ ಸುಡುತ್ತದೆ ಎಂದು ಕಾರ್ಬೊರೇಟರಿನೊಳಗಿನ ಪುಟ್ಟ ಹಿತ್ತಾಳೆ ಜೆಟ್ ಬದಲಿಸಿದಳು. ಅಕ್ಕಿಕಾಳಿನಷ್ಟು ಸಣ್ಣ ತೂತು. ಅದನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಇವಳಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತೋ, ನನ್ನಿಂದಂತೂ ಅಲ್ಲ.

ಕಡೆಯದು ಸೈಲೆನ್ಸರು. ಅದರ ಬಾಯಿಗೆ ಹೊಗೆಯನ್ನು ತಡೆಯುವ ಒಂದು ಬಿರಡೆಯಂಥದು ಇರುತ್ತದೆ. ಅದನ್ನು ಕಿತ್ತಳು. ಹೊಗೆ ಸಲೀಸಾಗಿ ಹೊರಗೆ ಹೋದರೆ ಇಂಜಿನ್ನಿಗೆ ಉಸಿರಾಡಲಿಕ್ಕೆ ಹಗುರವಂತೆ. ನನಗೇನು ಗೊತ್ತು, ಹೂಂ ಎಂದೆ.

ಮರುದಿನ ನಾನು ಕೂಸಿಗೆ ಎರೆದು, ಬಟ್ಟೆ ಸುತ್ತಿ, ತೊಟ್ಟಿಲಿಗೆ ಹಾಕಿ ಕೈ ಹಿಂದಕ್ಕೆ ತೆಗೆದಿದ್ದೆ ಅಷ್ಟೇ. ಹೊರಗೆ ಮಗಳು ಗಾಡಿ ಶುರು ಮಾಡಿದಳು. ಅಂಥ ಸದ್ದನ್ನು ನಾನು ಬಿಲ್ಡಿಂಗ್ ಒಡೆಯುವಲ್ಲಿಯೂ ಕೇಳಿರಲಿಲ್ಲ. ಮಾಡಿನ ತಗಡು ನಡುಗಿತು. ಕೂಸು ಎರಡೂ ಕೈ ಮೇಲಕ್ಕೆ ಚೆಲ್ಲಿ, ಬಾಯಿ ತೆರೆದು, ಉಸಿರೇ ಬಾರದ ಹಾಗೆ ಕೆಂಪಾಗಿ, ಆಮೇಲೆ ಅತ್ತಿತು. ಬಾಣಂತಿ ಎದ್ದು ಕೂತು ನನ್ನನ್ನೇ ನೋಡಿದಳು. ನಾನು ಹೊರಗೆ ಓಡಿದೆ. ನನ್ನ ಮೊಣಕಾಲಿನಲ್ಲಿ ಎಷ್ಟು ಓಡಲಿಕ್ಕಾಗುತ್ತದೋ ಅಷ್ಟು.

ಗಲ್ಲಿಯ ಬಾಗಿಲುಗಳೆಲ್ಲ ತೆರೆದಿದ್ದವು. ಬಾಣಂತಿಯ ಅತ್ತೆ ನನ್ನ ಹಿಂದೆಯೇ ಬಂದಳು. ಕೂಗಾಡಲಿಲ್ಲ. ಮೆತ್ತಗೆ ಕೇಳಿದಳು: "ಅಕ್ಕಾ, ಎಲ್ಲಾರ ಬಾಗಲಾ ನೀವ ಬಡೀತೀರಿ. ನಿಮ್ಮ ಬಾಗಲಾ ಯಾರ ಬಡೀಬೇಕ್ರಿ?"

ಎದುರು ಮನೆಯವನು ಕಟ್ಟೆ ಮೇಲೆ ನಿಂತು ಹಲ್ಲುಜ್ಜುತ್ತಿದ್ದ. ಬಾಯಲ್ಲಿದ್ದುದನ್ನು ಉಗುಳಿ, "ಆಜಿ, ಮೇರಾ ಹಥೋಡಾ ಅಬ್ ವಾಪಸ್ ದೇ ದೋ" ಎಂದ. ಅವನ ಸುತ್ತಿಗೆ ನಿಜವಾಗಿಯೂ ನಮ್ಮ ಮನೆಯಲ್ಲೇ ಇತ್ತು. ಒಳಗೆ ಹೋಗಿ ತಂದು ಅವನ ಕೈಗೆ ಕೊಟ್ಟೆ. ಎಲ್ಲರೂ ನಕ್ಕರು. ನಾನು ಸೆರಗು ಎಳೆದುಕೊಂಡು ಒಳಗೆ ಹೋದೆ.

ಅದರ ಮರುದಿನ ಕೂಸಿಗೆ ಎರೆಯಲಿಕ್ಕೆ ಹೋದಾಗ ಅದರ ಎರಡೂ ಕಿವಿಗೆ ಅರಳೆ ಇಟ್ಟಿದ್ದರು. ಬಿಸಿನೀರು ತಂದಿಟ್ಟರು, ಎಣ್ಣೆ ತಂದಿಟ್ಟರು. ನಾನು ಆ ಅರಳೆ ತೆಗೆದು, ಎರೆದು, ಮತ್ತೆ ನನ್ನ ಕೈಯಿಂದಲೇ ಅದನ್ನು ಇಟ್ಟು ಬಂದೆ. ಬೈಸಿಕೊಂಡಿದ್ದರೆ ವಾಸಿ ಇತ್ತು.

ಮನೆಗೆ ಬಂದು ಮಗಳ ಮೇಲೆ ಹರಿಹಾಯ್ದೆ. "ಆ ಬಿರಡಿ ತಿರುಗಿ ಹಾಕು. ಇಲ್ಲಾಂದ್ರ ನಾ ಭಾಂಡುಪಿಗಿ ಹೋಗ್ತೀನಿ."

"ಭಾಂಡುಪಿನ್ಯಾಗ ನಿನಗ ಯಾರ ಅದಾರ?" ಎಂದಳು. ಕೂಸಿನ ಅಳು ಅವಳ ಕಿವಿಗೂ ಬಿದ್ದಿತ್ತು, ಮುಖ ಸಣ್ಣಗಾಗಿತ್ತು. "ಬರೇ ಬಿರಡಿಯಿಂದಲ್ಲ ಅವ್ವಾ. ಒಳಗಿನ ಉಣ್ಣಿ ಸುಟ್ಟ ಹೋಗೇತಿ. ತೂತಿನ ಪೈಪ್ ಐತಲ್ಲ, ಅದರ ಸುತ್ತಾ ಆ ಉಣ್ಣಿ ಗಟ್ಟಿ ತುಂಬಿರ್ತಾರ, ಆವಾಜ್ ಅದು ನುಂಗತೈತಿ. ಅದನ್ನ ತುಂಬಿದ್ರ ಆವಾಜೂ ಇಳೀತೈತಿ, ಎಳೆತಾನೂ ಹಂಗ ಉಳೀತೈತಿ. ಇವರಿಗೆ ಹೇಳೇನಿ, ಬೊರಿವಲಿಯಿಂದ ತರ್ತಾರ."

ಸೈಲೆನ್ಸರು ಬಿಚ್ಚಿ ಕಲ್ಲಿನ ಮೇಲೆ ಇಟ್ಟು ಅವಳು ದಂಡೆಗೆ ಹೋದಳು. ಅಳಿಯ ಡ್ಯೂಟಿಗೆ ಹೋಗಿದ್ದ. ನಾನು ಅದನ್ನು ಎತ್ತಿ ನೋಡಿದೆ. ಹೊರಗೊಂದು ಡಬ್ಬಿ, ಒಳಗೊಂದು ತೂತು ತೂತಿನ ಪೈಪು, ನಡುವೆ ಖಾಲಿ ಜಾಗ. ಇದು ನಾನು ಮಾಡದ ಕೆಲಸವೇ? ಬಿಲ್ಡಿಂಗಿನಲ್ಲಿ ಸಂಡಾಸಿನ ಪೈಪು ಕೂಡಿಸುವಾಗ ಸಂದಿಗೆ ನಾರಿನ ಹುರಿ ತುಂಬಿ ಕಬ್ಬಿಣದಿಂದ ಜಡಿಯುತ್ತಿದ್ದೆವು, ಆಮೇಲೆ ಮೇಸ್ತ್ರಿ ಬಂದು ಸಿಮೆಂಟು ಮೆತ್ತುತ್ತಿದ್ದ. ನಾನು ತುಂಬಿದ ಪೈಪು ಒಂದೂ ಸೋರಿರಲಿಲ್ಲ. ಪೈಪು ಅಂದರೆ ಪೈಪು. ಅದಕ್ಕೆ ಬೊರಿವಲಿಗೆ ಹೋಗುವುದೇಕೆ?

ಗೋರಾಯಿಯಲ್ಲಿ ತೆಂಗಿನ ನಾರಿಗೆ ಬರವಿಲ್ಲ. ಪಾತ್ರೆ ತಿಕ್ಕಲಿಕ್ಕೆಂದು ಒಂದು ಚೀಲ ಇಟ್ಟುಕೊಂಡಿದ್ದೆ. ನಾರನ್ನು ನೆನೆಹಾಕಿ, ಕುಟ್ಟಿ, ಹಿಂಡಿ, ಒದ್ದೆ ಇರುವಾಗಲೇ ಪೈಪಿನ ಸುತ್ತ ತುಂಬಿದೆ. ಒದ್ದೆ ನಾರು ಚೆನ್ನಾಗಿ ಕೂರುತ್ತದೆ. ಸವಟಿನ ಹಿಡಿಕೆಯಿಂದ ಜಡಿದು ಜಡಿದು, ಬೆರಳು ಹೋಗದಷ್ಟು ಗಟ್ಟಿ ಮಾಡಿದೆ. ಹೊಗೆ ಬಿಸಿ ಇರುತ್ತದೆ ಎನ್ನುವುದು ನನ್ನ ತಲೆಗೆ ಬರಲೇ ಇಲ್ಲ. ಒಲೆಗೆ ನಾರು ಹಾಕಿ ಉರಿ ಹಚ್ಚಿದವಳು ನಾನು, ನನಗೇ ಬರಲಿಲ್ಲ.

ಅಳಿಯ ಆವತ್ತು ಬೊರಿವಲಿಗೆ ಹೋಗಿರಲಿಲ್ಲ. ಮನೆಗೆ ಬಂದವನು ಮುಸ್ಸಂಜೆಯ ಮಬ್ಬಿನಲ್ಲಿ ಸೈಲೆನ್ಸರು ತುಂಬಿದ್ದನ್ನು ನೋಡಿ, ಹೆಂಡತಿಯೇ ಎಲ್ಲಿಂದಲೋ ತಂದು ತುಂಬಿದ್ದಾಳೆ ಎಂದುಕೊಂಡು, ಮುಚ್ಚಳ ಹಾಕಿ ಬೋಲ್ಟು ಬಿಗಿದು ಗಾಡಿಗೆ ಕೂಡಿಸಿಬಿಟ್ಟ. ಮಗಳು ಬಂದು ಬೋಲ್ಟು ಬಿಗಿದಿದ್ದನ್ನು ನೋಡಿ, ಗಂಡ ಸಾಮಾನು ತಂದು ತುಂಬಿದ ಎಂದುಕೊಂಡಳು. ಇಬ್ಬರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಗಾಡಿ ದಿಬ್ಬ ಹತ್ತಿ ಬಂದ ಮೇಲೆ, ಗಲ್ಲಿಯವರೆಲ್ಲ ಇರುವಾಗ ಹೇಳೋಣ ಎಂದಿದ್ದೆ.

ಬೆಳಿಗ್ಗೆ ಗಾಡಿ ಶುರುವಾಯಿತು. ಎಮ್ಮೆ ಮೆಲುಕು ಹಾಕಿದಷ್ಟೇ ಸದ್ದು. ಬಾಣಂತಿಯ ಮನೆಯಿಂದ ಅಳು ಕೇಳಲಿಲ್ಲ. ಎದುರು ಮನೆಯವನು ಹೊರಗೆ ಬಂದು, ಗಾಡಿ ನೋಡಿ, ನನ್ನನ್ನು ನೋಡಿ, ಒಳಗೆ ಹೋದ. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ಗಲ್ಲಿಯ ನಡುವೆಯೇ ನಿಂತಿದ್ದೆ.

"ಅವ್ವಾ, ನೀನೂ ಬರ್ತೀಯೇನ? ಇವತ್ತ ಶೇಠಗ ತೋರಸ್ತೀನಿ."

ಹೋದೆ. ಅಳಿಯನೂ ರಜೆ ಹಾಕಿದ್ದ.

ದಂಡೆಯ ಮೇಲೆ ಗಾಡಿಯವರೆಲ್ಲ ಸೇರಿದ್ದರು. ಗಿರಾಕಿ ಬೇಡ, ನಾನೇ ಹಿಂದೆ ಕೂರುತ್ತೇನೆ ಎಂದ ಶೇಠ. ಅವನು ಡೊಳ್ಳುಹೊಟ್ಟೆಯ ಮನುಷ್ಯ, ಬಿಳಿ ಪ್ಯಾಂಟು ಹಾಕಿದ್ದ. ಅವನು ಕೂತ ಕೂಡಲೇ ಗಾಡಿಯ ಹಿಂಭಾಗ ಕುಸಿಯಿತು. ಮಗಳ ಮುಖ ಬಿಗಿಯಿತು. ಸಪಾಟಾದ ಮರಳಿನ ಮೇಲೆ ಒಂದು ಸುತ್ತು ಹೊಡೆದಳು. ಸೈಲೆನ್ಸರಿನಿಂದ ಬೆಳ್ಳಗೆ ಹಬೆ ಬಂತು.

"ಏ, ಚಾಯ್ ಬನಾ ರಹೀ ಹೈ ಕ್ಯಾ?" ಚಹಾ ಕಾಸುತ್ತಿದ್ದೀಯಾ ಎಂದು ಶೇಠ ಹಿಂದಿನಿಂದ ಕೂಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ಅವಳು ಗಾಡಿ ತಿರುಗಿಸಿ, ದೂರದಿಂದ ಓಡಿಸಿಕೊಂಡು ಬಂದು ದಿಬ್ಬಕ್ಕೆ ಹಾಕಿದಳು. ಹತ್ತಿತು. ದಿನಾ ನಿಲ್ಲುತ್ತಿದ್ದ ಜಾಗ ದಾಟಿತು. ಗಾಲಿ ಮರಳನ್ನು ತೋಡಲಿಲ್ಲ, ಹಿಡಿದು ಹಿಡಿದು ಮೇಲೆ ಹೋಯಿತು. ಅಷ್ಟರಲ್ಲಿ ನನ್ನ ಮೂಗಿಗೆ ವಾಸನೆ ಬಂತು. ಒಲೆಗೆ ತೆಂಗಿನ ಸಿಪ್ಪೆ ಹಾಕಿದಾಗ ಬರುವ ವಾಸನೆ. ಅಲ್ಲಿದ್ದವರಿಗೆ ಅದೇನೆಂದು ತಿಳಿಯುವ ಮೊದಲೇ ನನಗೆ ತಿಳಿದುಹೋಯಿತು.

ಬಿಳಿ ಹೊಗೆ ಹಳದಿಯಾಯಿತು. ಆಮೇಲೆ ಸೈಲೆನ್ಸರಿನ ಬಾಯಿಂದ ಸುರುಸುರುಬತ್ತಿಯ ಹಾಗೆ ಕಿಡಿ. "ಆಗ್! ಆಗ್!" ಬೆಂಕಿ ಬೆಂಕಿ ಎಂದು ಕೆಳಗಿನವರು ಕೂಗಿದರು. ಶೇಠ ಹಿಂದೆ ತಿರುಗಿ ನೋಡಿ, "ರೋಕ್, ರೋಕ್!" ಎಂದು ಅವಳ ಬೆನ್ನಿಗೆ ಗುದ್ದಿದ. ಅವಳು ನಿಲ್ಲಿಸಲಿಲ್ಲ. ನಡುವೆ ನಿಲ್ಲಿಸಿದ್ದರೆ ಗಾಡಿ ಹಿಂದಕ್ಕೆ ಉರುಳಿ ಅವನ ಮೇಲೆಯೇ ಬೀಳುತ್ತಿತ್ತು. ನೆತ್ತಿಗೆ ಹತ್ತಿಸಿಯೇ ಬಿಟ್ಟಳು. ಶೇಠ ಧುಮುಕಿ, ಮರಳಿನಲ್ಲಿ ಉರುಳಿ, ಪ್ಯಾಂಟಿನ ಹಿಂಭಾಗ ಬಡಿದುಕೊಳ್ಳುತ್ತ ಎದ್ದ. ಚಹದ ಅಂಗಡಿಯವನು ಬಕೆಟ್ಟು ಹಿಡಿದು ಓಡಿದ. ನೀರು ಬಿದ್ದ ಕೂಡಲೇ ಸುಂಯ್ ಎಂದು ಎಲ್ಲವೂ ಹೊಗೆಯೊಳಗೆ ಮುಳುಗಿತು.

ನಾನು ಮೇಲೆ ಹತ್ತುವಷ್ಟರಲ್ಲಿ ಮುಚ್ಚಳ ಬಿಚ್ಚಿದ್ದರು. ಒಳಗಿನಿಂದ ಕಪ್ಪಗೆ ಉದುರುತ್ತಿತ್ತು.

"ಕಿಸನೆ ಭರಾ ಯೇ?" ಯಾರು ತುಂಬಿದ್ದು ಇದನ್ನು ಎಂದು ಶೇಠ ಕೇಳಿದ.

ಮಗಳು ಗಂಡನ ಕಡೆ ನೋಡಿದಳು. ಅಳಿಯ ಅವಳ ಕಡೆ ನೋಡಿದ. ಅವಳ ಕಣ್ಣಿನಲ್ಲಿ, ನೀನು ಇಂಥದ್ದನ್ನು ತುಂಬಿದೆಯಾ ಎನ್ನುವುದಿತ್ತು. ಅವನ ಕಣ್ಣಿನಲ್ಲೂ ಅದೇ. ಕಡೆಗೆ ಅಳಿಯ, ಜೀವನದಲ್ಲಿ ಯಾರೊಂದಿಗೂ ನಾಲ್ಕು ಮಾತಾಡದವನು, ಮುಂದೆ ಬಂದು "ಮೈನೆ", ನಾನೇ ಎಂದ. ಅದೇ ಹೊತ್ತಿಗೆ ಮಗಳೂ "ಮೈನೆ" ಎಂದಳು. ಶೇಠ ಅಳಿಯನಿಗೆ ಬೈಯಲು ಶುರು ಮಾಡಿದ. ವಾಚ್‌ಮನ್ ಆದವನು ಗೇಟು ಕಾಯಬೇಕು, ಮೆಕ್ಯಾನಿಕ್ ಆಗಲಿಕ್ಕೆ ಹೋಗಬಾರದು, ನಿನ್ನ ಕೈಗೆ ಲಾಠಿಯೇ ಸರಿ ಎಂದೆಲ್ಲ. ಅಳಿಯ ತಲೆ ಬಗ್ಗಿಸಿ ಕೇಳುತ್ತ ನಿಂತ.

ನಾನು ಅಳಿಯನನ್ನು ಪಕ್ಕಕ್ಕೆ ಸರಿಸಿ ಶೇಠನ ಮುಂದೆ ನಿಂತೆ.

"ಮೈನೆ ಭರಾ" ಎಂದೆ.

"ಕ್ಯಾ ಭರಾ, ಆಜಿ?"

"ನಾರಿಯಲ್ ಕಾ ಜಟಾ." ತೆಂಗಿನ ನಾರು.

ಗಾಡಿಯವರು ಮರಳಿನ ಮೇಲೆ ಕೂತು ನಕ್ಕರು. "ಆಜಿ, ಥೋಡಾ ಲೋಬಾನ್ ಭೀ ಡಾಲ್ತೀ!" ಒಂದಿಷ್ಟು ಲೋಬಾನವನ್ನೂ ಹಾಕಬೇಕಿತ್ತು ಎಂದ ಒಬ್ಬ. "ಶೇಠ ಕೀ ಆರತಿ ಹೋ ಗಯೀ" ಎಂದ ಇನ್ನೊಬ್ಬ. ನಗದವರು ಮೂವರೇ: ಮಗಳು, ಅಳಿಯ, ಶೇಠ. ಶೇಠ ಪ್ಯಾಂಟಿನ ಸುಟ್ಟ ತೂತಿನೊಳಗೆ ಬೆರಳು ಹಾಕಿ ನೋಡುತ್ತಿದ್ದ.

"ಚಢ್ ತೊ ಗಯೀ" ಎಂದ ಕಡೆಗೆ. ಹತ್ತಿದ್ದಂತೂ ಹತ್ತಿತು. ಅವನಂಥ ಭಾರದವನನ್ನು ಹೊತ್ತು, ಬೆಂಕಿ ಹತ್ತಿಸಿಕೊಂಡು ಹತ್ತಿತು, ಇಲ್ಲ ಎನ್ನಲಿಕ್ಕೆ ಬರುವುದಿಲ್ಲ. ಜಾಗ ಅವಳದೇ ಎಂದ. ಸೈಲೆನ್ಸರು ಸರಿಯಾಗಿ ತುಂಬಿಸಿ, ತನಗೆ ತೋರಿಸಿದ ಮೇಲೆ ಗಿರಾಕಿ ಹತ್ತಿಸಬಹುದು. "ಲೇಕಿನ್ ಯೇ ಬುಢಿಯಾ" ಎಂದು ನನ್ನ ಕಡೆ ಬೆರಳು ತೋರಿಸಿದ, "ಯೇ ಸ್ಟ್ಯಾಂಡ್ ಪೆ ನಹೀ ಆಯೇಗೀ. ಗಾಡಿ ಕೊ ಹಾಥ್ ನಹೀ ಲಗಾಯೇಗೀ." ಈ ಮುದುಕಿ ಇನ್ನು ಇಲ್ಲಿಗೆ ಬರಕೂಡದು, ಗಾಡಿ ಮುಟ್ಟಕೂಡದು.

ನಾನು ಮಗಳ ಕಡೆ ನೋಡಿದೆ. ಏನಾದರೂ ಅನ್ನುತ್ತಾಳೆ, ನಮ್ಮ ಅವ್ವನ ಬಗ್ಗೆ ಹಾಗೆ ಮಾತಾಡಬೇಡಿ ಎನ್ನುತ್ತಾಳೆ ಎಂದುಕೊಂಡಿದ್ದೆನೋ ಏನೋ.

"ಠೀಕ್ ಹೈ, ಶೇಠ" ಎಂದಳು. ಒಂದು ಕ್ಷಣವೂ ತಡ ಮಾಡಲಿಲ್ಲ.

ಸರಿಯಾಗಿಯೇ ಹೇಳಿದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಮೇಲೆ ನಾಲ್ಕು ಮಾತು ಸೇರಿಸುತ್ತಿದ್ದೆ. ಆದರೂ ಯಾರಿಗೂ ಕಾಯದೆ ದಿಬ್ಬ ಇಳಿಯತೊಡಗಿದೆ, ಮರಳು ಜಾರಿತು. ಅಳಿಯ ರಟ್ಟೆ ಹಿಡಿದುಕೊಂಡ. ನನ್ನ ಸಲುವಾಗಿ ಬೈಸಿಕೊಂಡವನು, ಮತ್ತೆ ನನ್ನ ರಟ್ಟೆಯನ್ನೇ ಹಿಡಿದ. "ನಿಧಾನ ಅತ್ತಿ" ಎಂದ. ಬಿಡಿಸಿಕೊಳ್ಳಬೇಕು ಎನಿಸಿತು. ಬಿಡಿಸಿಕೊಂಡರೆ ಬೀಳುತ್ತಿದ್ದೆ.

ಮರುದಿನ ಅವನು ಬೊರಿವಲಿಗೆ ಹೋಗಿ ಗಾಜಿನ ಉಣ್ಣೆ ತಂದ. ಮಗಳು ಮುಖಕ್ಕೆ ಬಟ್ಟೆ ಕಟ್ಟಿ, ಕೈಗವಸು ಹಾಕಿ, ಪೈಪಿನ ಸುತ್ತ ಮೊದಲು ಸ್ಟೀಲಿನ ಜುಂಗು ಸುತ್ತಿದಳು. ಪಾತ್ರೆ ತಿಕ್ಕುವುದೇ, ಆದರೆ ಸ್ಟೀಲಿನದು. ಅದರ ಮೇಲೆ ಗಾಜಿನ ಉಣ್ಣೆ. ಡಬ್ಬಿ ಒಂದು ಕಡೆ ವಾಲುತ್ತಿತ್ತು. ಹಿಡಿಯಲಿಕ್ಕೆ ಕೈ ಚಾಚಿದೆ.

"ಬ್ಯಾಡ ಅವ್ವಾ."

"ಹಿಡ್ಕೊಂತೀನಿ ಅಷ್ಟ."

"ಮುಟ್ಟಬ್ಯಾಡಂದ್ನೆಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಕೂಸಿಗೆ ಒಲೆ ಮುಟ್ಟಬೇಡ ಎನ್ನುತ್ತಾರಲ್ಲ, ಹಾಗೆ ಹೇಳಿದಳು. ಡಬ್ಬಿಯನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು ಒಬ್ಬಳೇ ತುಂಬಿದಳು. ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತೆ.

ದೀಪಾವಳಿ ರಜೆಯಲ್ಲಿ ಅವಳಿಗೆ ಊಟಕ್ಕೆ ಪುರಸೊತ್ತಿಲ್ಲದಷ್ಟು ಗಿರಾಕಿ. ಡಬ್ಬಿ ಕಟ್ಟಿ ಅಳಿಯನ ಕೈಯಲ್ಲಿ ಕಳಿಸುತ್ತಿದ್ದೆ. ನಾನು ಹಗ್ಗದ ಹತ್ತಿರಕ್ಕೂ ಹೋಗಲಿಲ್ಲ. ಒಂದು ಸಂಜೆ ಬಂದವಳು ಮರಳು ಕೊಡವುತ್ತ, "ಶೇಠ ಕೇಳಿದ, ನಿಮ್ಮ ಆಜಿ ಹೆಂಗದಾಳ ಅಂತ" ಎಂದಳು.

"ಏನ ಹೇಳಿದಿ?"

"ಮನ್ಯಾಗ ಅದಾಳ ಅಂದೆ."

"ಮತ್ತ?"

"ಮತ್ತೇನಿಲ್ಲ. ಅಷ್ಟ."

ಅವಳಿಗೆ ಕಾಲು ತೊಳೆಯಲಿಕ್ಕೆ ನೀರು ಕೊಟ್ಟೆ. ಅವಳು ತೊಳೆದುಕೊಂಡು ಗಾಡಿಗೆ ಬಟ್ಟೆ ಹೊದಿಸಲು ಹೋದಳು. ನಾನು ಬಾಗಿಲಲ್ಲೇ ನಿಂತೆ, ಬಟ್ಟೆಯ ತುದಿ ಹಿಡಿಯಲಿಕ್ಕೂ ಹೊರಗೆ ಹೋಗಲಿಲ್ಲ.